ಕನಕಮ್ಮನವರ ಕಿವಿಯಲ್ಲಿದ್ದ ಹಾಡು

ನಿವೃತ್ತಳಾಗಿ ಎರಡು ವರ್ಷ ಆಗುತ್ತ ಬಂತು. ಈಗಲೂ ಬೆಳಿಗ್ಗೆ ಎಂಟೂವರೆ ಆಯಿತೆಂದರೆ ಕೂತಲ್ಲಿ ಕೂರಲಾಗುವುದಿಲ್ಲ. ಚಪ್ಪಲಿ ಮೆಟ್ಟಿಕೊಂಡು ರಸ್ತೆಯವರೆಗೆ ಹೋಗುತ್ತೇನೆ. ಬೇಗೂರು ಕಡೆಯಿಂದ ಬರುವ ಬಸ್ಸು ನನ್ನನ್ನು ಕಂಡು ನಿಧಾನವಾಗುತ್ತದೆ, ನಾನು ಕೈಯಾಡಿಸಿ ಕಳಿಸಿಬಿಡುತ್ತೇನೆ. ಮನೆಗೆ ಬಂದು ಒಗೆದ ಬಟ್ಟೆಯನ್ನೇ ಮತ್ತೆ ಮಡಚುತ್ತೇನೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಅದೇ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗಿ ಬಂದವಳು ನಾನು. ಜನರ ಕಿವಿ ಪರೀಕ್ಷೆ ಮಾಡುವುದು, ಶ್ರವಣ ಯಂತ್ರ ಹೊಂದಿಸಿ ಕೊಡುವುದು ನನ್ನ ಕೆಲಸವಾಗಿತ್ತು.

ನನ್ನ ಜಾಗಕ್ಕೆ ಬಂದಿರುವ ಹುಡುಗಿ ಗಡಿಯಾಚೆಯ ಗುಂಡ್ಲುಪೇಟೆಯವಳು. ಮೊನ್ನೆ ಫೋನ್ ಮಾಡಿ, "ಮೇಡಂ, ಮೆಷಿನ್ನು ಕಲಿತುಬಿಟ್ಟೆ. ಜನಾನೇ ಅರ್ಥ ಆಗ್ತಿಲ್ಲ. ಏನಾದ್ರೂ ಬರೆದುಕೊಡಿ" ಅಂದಳು. ಅವಳಿಗೆ ಇಲ್ಲಿಯ ಮಲಯಾಳಂ ಓದಲು ಇನ್ನೂ ಬರುವುದಿಲ್ಲ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಆಸ್ಪತ್ರೆಯಲ್ಲಿ ಕಿವಿಯ ವಿಭಾಗವೆಂದರೆ ಒಂದು ಮೇಜು, ತಟ್ಟಿದರೆ ನಾದ ಹೊರಡಿಸುವ ಮೂರು ಉಕ್ಕಿನ ಶ್ರುತಿಕವೆಗಳು, ಜೇಕಬ್ ಡಾಕ್ಟರು ಮತ್ತು ಅವರ ಕೋಪ. ಕಿವಿ ಎಷ್ಟು ಕೇಳುತ್ತದೆಂದು ಅಳೆಯುವ ಆಡಿಯೋಮೀಟರ್ ಬಂದದ್ದು ಆಮೇಲೆ. ಅದಕ್ಕೆಂದು ಸ್ಟೋರ್ ರೂಮಿನ ಒಂದು ಮೂಲೆಗೆ ಹಲಗೆ ಹೊಡೆದು, ಒಳಗೆ ದಪ್ಪ ಮೆತ್ತೆ ಅಂಟಿಸಿ, ಗಾಜಿನ ಕಿಟಕಿ ಇಟ್ಟು ಬೂತ್ ಮಾಡಿದರು. ರೋಗಿ ಒಳಗೆ ಹೆಡ್‌ಫೋನ್ ಹಾಕಿಕೊಂಡು ಕೂರಬೇಕು. ನಾನು ಹೊರಗಿನಿಂದ ಒಂದೊಂದೇ ಸ್ವರವನ್ನು ಜೋರಾಗಿ, ಮೆತ್ತಗೆ, ಇನ್ನೂ ಮೆತ್ತಗೆ ಕಳಿಸುತ್ತೇನೆ. ಕೇಳಿಸಿದಾಗ ಅವರು ಕೈಯಲ್ಲಿರುವ ಗುಂಡಿ ಒತ್ತಿದರೆ ನನ್ನ ಕಡೆ ದೀಪ ಹತ್ತುತ್ತದೆ. ಬಲಗಿವಿಗೆ ಕೆಂಪು ಪೆನ್ಸಿಲ್, ಎಡಗಿವಿಗೆ ನೀಲಿ. ಈಗ ಎಲ್ಲ ಕಂಪ್ಯೂಟರೇ ಬರೆದುಕೊಳ್ಳುತ್ತದೆ. ಆದರೂ ಗಾಜಿನ ಆಚೆ ಕೂತಿರುವ ಮುಖವನ್ನು ನೋಡಲು ಯಾವ ಕಂಪ್ಯೂಟರೂ ಬಂದಿಲ್ಲ. ನಾನೂ ಬಹಳ ಕಾಲ ನೋಡುತ್ತಿರಲಿಲ್ಲ, ಕೈಯಲ್ಲಿನ ಪೆನ್ಸಿಲ್ ನೋಡುತ್ತಿದ್ದೆ.

ಆ ದಿನಗಳ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಪನಮರಂ ಕಡೆಯ ಒಬ್ಬ ರೈತರು, ಆನೆ ಓಡಿಸಲು ಪಟಾಕಿ ಸಿಡಿಸಿ ಸಿಡಿಸಿ ಎರಡೂ ಕಿವಿ ಮಂದ ಮಾಡಿಕೊಂಡಿದ್ದವರು. ಯಂತ್ರ ಕೂರಿಸಲು ಅವರ ಕಿವಿಗೆ ಮೇಣದಂಥ ಹಿಟ್ಟು ತುಂಬಿ ಅಚ್ಚು ತೆಗೆದೆ. ಅಚ್ಚು ತಯಾರಾಗಿ ಬಂದಾಗ ಎಡಬಲದ ಚೀಟಿ ಅದಲು ಬದಲು ಅಂಟಿಸಿದೆ. ಮೂರು ವಾರದ ಮೇಲೆ ಬಂದರು. ಕಿವಿಯೊಳಗೆ ಚರ್ಮ ಸುಲಿದು ಕೀವಾಗಿತ್ತು.

"ನೋವಾದ ಕೂಡಲೇ ಯಾಕೆ ಬರಲಿಲ್ಲ?" ಎಂದು ನಾನೇ ಗದರಿದೆ.

"ನೀವು ಕೊಟ್ಟದ್ದಲ್ವಾ ಸಿಸ್ಟರೇ. ನನ್ನ ಕಿವಿಯೇ ಓರೆ ಇರಬೇಕು ಅಂತ ತಿಳ್ಕೊಂಡೆ."

ಜೇಕಬ್ ಡಾಕ್ಟರು ಅವತ್ತು ನನ್ನನ್ನು ಹೊರರೋಗಿಗಳ ಎದುರಿಗೇ ಬೈದರು. ಬೈಗುಳ ಮರೆತುಹೋಯಿತು, ಆ ರೈತರ ಮಾತು ಹೋಗಲಿಲ್ಲ. ಈ ಕೆಲಸದಲ್ಲಿ ಜನ ತಮ್ಮ ಕಿವಿಗಿಂತ ನಮ್ಮ ಚೀಟಿಯನ್ನು ನಂಬುತ್ತಾರೆ. ಇಷ್ಟು ತಿಳಿದ ಮೇಲೂ, ಇಪ್ಪತ್ತು ವರ್ಷದ ಅನುಭವ ಆದ ಮೇಲೂ, ಕನಕಮ್ಮನವರ ವಿಷಯದಲ್ಲಿ ನಾನು ಇದಕ್ಕಿಂತ ದೊಡ್ಡ ತಪ್ಪು ಮಾಡಿದೆ. ಅವರ ನಿಜವಾದ ಹೆಸರು ಅದಲ್ಲ. ಉಳಿದದ್ದೆಲ್ಲ ನಡೆದಂತೆಯೇ ಬರೆಯುತ್ತೇನೆ.

ಕನಕಮ್ಮ ಪುಲ್ಪಳ್ಳಿಯ ಆಚೆ ಮೆಣಸಿನ ತೋಟದ ಕನ್ನಡದ ಮನೆಯವರು. ಎಪ್ಪತ್ತು ದಾಟಿತ್ತು. ಬಿಳಿ ಕೂದಲನ್ನು ಬಿಗಿಯಾಗಿ ಗಂಟು ಹಾಕಿ, ಸೀರೆಯ ನೆರಿಗೆ ಒಂದಿಷ್ಟೂ ಕದಲದಂತೆ ಕೂರುವ ಹೆಂಗಸು. ಜೊತೆಗೆ ಬಂದಿದ್ದ ಮಗ ಸುರೇಂದ್ರ ನನ್ನ ಮೇಜಿನ ಮೇಲೆ ಬಗ್ಗಿ, ಇಲ್ಲಿಯವರು ಅಕ್ಕನನ್ನು ಕರೆಯುವಂತೆ ಚೇಚೀ ಎಂದು ಕರೆದು ಪಿಸುಗುಟ್ಟಿದ.

"ಚೇಚೀ, ಅಮ್ಮನಿಗೆ ಕಿವಿ ಕೇಳೋದಿಲ್ಲ ಅನ್ನೋದು ಒಂದು. ಇಲ್ಲದ್ದೆಲ್ಲಾ ಕೇಳ್ತದೆ ಅನ್ನೋದು ಇನ್ನೊಂದು. ಅಡುಗೆ ಮನೇಲಿ ನಿಂತು, ರೇಡಿಯೋ ಆಫ್ ಮಾಡು ಅಂತಾಳೆ. ನಮ್ಮನೇಲಿ ರೇಡಿಯೋನೇ ಇಲ್ಲ."

ಅವರನ್ನು ಬೂತಿನಲ್ಲಿ ಕೂರಿಸಿದೆ. ನಾನು ಸ್ವರ ಕಳಿಸಿದಾಗ ಅವರು ಗುಂಡಿ ಒತ್ತಲಿಲ್ಲ. ಕಳಿಸದೇ ಇದ್ದಾಗ ಒತ್ತಿದರು. ಮತ್ತೆ ಕಲಿಸಿಕೊಟ್ಟೆ, ಮತ್ತೆ ಹಾಗೇ. ಹೊರಗೆ ಬೆಂಚಿನ ತುಂಬ ಜನ. ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಬಂದವರೇ ಹದಿನೈದು ಮಂದಿ ಇದ್ದರು. ಕನಕಮ್ಮನವರ ಕಾರ್ಡಿನ ಮೇಲೆ 'ಉತ್ತರಗಳು ನಂಬಲರ್ಹವಲ್ಲ, ಮಾನಸಿಕ ತಪಾಸಣೆ ಅಗತ್ಯ' ಎಂದು ಬರೆದು ಕೊಟ್ಟುಬಿಟ್ಟೆ. ಅದನ್ನು ಬರೆಯಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

ಆ ಕಾರ್ಡು ಹಿಡಿದು ಸುರೇಂದ್ರ ತಾಯಿಯನ್ನು ಘಟ್ಟದ ಕೆಳಗೆ ಬೇರೊಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರು ಕಾರ್ಡಿನಲ್ಲಿದ್ದುದನ್ನು ಓದಿ ಮಾತ್ರೆ ಬರೆದರು. ಎರಡು ತಿಂಗಳು ಕನಕಮ್ಮ ಹಗಲೆಲ್ಲ ತೂಕಡಿಸಿದರು. ಒಂದು ದಿನ ಮೆಣಸು ಒಣಹಾಕಿದ್ದ ಅಂಗಳದಲ್ಲಿ ಕಾಲು ತೊಡರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು.

ಕೈಗೆ ಪ್ಲಾಸ್ಟರ್ ಹಾಕಿಸಿಕೊಳ್ಳಲು ನಮ್ಮ ಆಸ್ಪತ್ರೆಗೇ ಬಂದಿದ್ದರು. ಸುರೇಂದ್ರ ನನ್ನನ್ನು ವರಾಂಡದಲ್ಲಿ ಕಂಡು ಮಾತಾಡಿಸಿದ. ಅವನಿಗೆ ನನ್ನ ಮೇಲೆ ಸಿಟ್ಟೇ ಇರಲಿಲ್ಲ. "ಮರುನ್ನಿನಿಂದ ಪಾಟು ನಿಲ್ಲಲಿಲ್ಲ ಚೇಚೀ. ಅಮ್ಮನ ನಡಿಗೆ ನಿಂತುಹೋಯ್ತು" ಅಂದ. ಮರುನ್ನೆಂದರೆ ಇಲ್ಲಿ ಔಷಧಿ, ಪಾಟೆಂದರೆ ಹಾಡು. ಪಕ್ಕದಲ್ಲಿ ಕನಕಮ್ಮ ಗೋಡೆಗೊರಗಿ ಕೂತಿದ್ದರು. ಎಡಗೈ ಬೆರಳುಗಳು ಪ್ಲಾಸ್ಟರಿನ ಮೇಲೆ ಆಡುತ್ತಿದ್ದವು. ಒಂದು ಪೆಟ್ಟು, ಮೂರು ಬೆರಳು, ಮತ್ತೆ ಪೆಟ್ಟು. ನಾನು ಎರಡು ನಿಮಿಷ ನಿಂತು ನೋಡಿದೆ. ಬೆರಳು ಎಲ್ಲೂ ತಪ್ಪಲಿಲ್ಲ.

"ಇನ್ನೊಂದು ಸಲ ಟೆಸ್ಟ್ ಮಾಡ್ತೀನಿ. ಈಗಲೇ" ಅಂದೆ.

ಬೂತಿನಲ್ಲಿ ಕೂರಿಸಿ, ಗುಂಡಿಯನ್ನು ಎಡಗೈಗೆ ಕೊಟ್ಟು, ನಾನು ಹೊರಗೆ ಬಂದು ಆಡಿಯೋಮೀಟರನ್ನು ಆರಿಸಿಯೇಬಿಟ್ಟೆ. ದೀಪ ಮಾತ್ರ ನನ್ನ ಕಡೆ ಬೇರೆ ತಂತಿಯಲ್ಲಿ ಹತ್ತುವಂಥದ್ದು. ದೀಪ ಹತ್ತಿತು. ಆರಿತು. ಹತ್ತಿತು. ನಾನು ನನ್ನ ಬೆರಳಿನಿಂದ ಮೇಜಿನ ಮೇಲೆ ಅದರ ಜೊತೆ ತಟ್ಟುತ್ತಾ ಹೋದೆ. ಅದು ಹಾಡಿನ ತಾಳವಾಗಿತ್ತು.

ಮೈಸೂರಿನಲ್ಲಿ ತರಬೇತಿಯಲ್ಲಿದ್ದಾಗ ನಮ್ಮ ಮೇಷ್ಟ್ರು ಒಂದೇ ಒಂದು ಸಲ ಹೇಳಿದ್ದರು: ಕಿವಿ ಮುಚ್ಚುತ್ತ ಬಂದ ಕೆಲವರಿಗೆ ಮಿದುಳು ತಾನೇ ಸದ್ದು ಹುಟ್ಟಿಸಿಕೊಡುತ್ತದೆ, ಒಮ್ಮೊಮ್ಮೆ ಇಡೀ ಹಾಡನ್ನೇ ಹಾಡುತ್ತದೆ, ಅದು ಹುಚ್ಚಲ್ಲ. ಪರೀಕ್ಷೆಗೆ ಬರುವುದಿಲ್ಲವೆಂದು ನಾವದನ್ನು ಬರೆದುಕೊಳ್ಳಲಿಲ್ಲ. ಅವತ್ತು ನೆನಪಾಯಿತು. ನೆನಪಾದ ಕೂಡಲೇ ನನ್ನ ಅರ್ಧ ನಿಮಿಷದ ಬರಹವೂ ನೆನಪಾಗಿ ಕಿವಿ ಬಿಸಿಯಾಯಿತು.

ಒಳಗೆ ಹೋಗಿ, ಸ್ಲೇಟಿನ ಮೇಲೆ ಕನ್ನಡದಲ್ಲಿ 'ಏನು ಕೇಳಿಸ್ತಿದೆ?' ಎಂದು ಬರೆದು ತೋರಿಸಿದೆ. ಅವರು ಬಹಳ ಹೊತ್ತು ಅಕ್ಷರಗಳನ್ನೇ ನೋಡಿದರು.

"ನನಗೆ ಅಂತ ಯಾರಾದ್ರೂ ಕನ್ನಡದಲ್ಲಿ ಬರೆದು ಎಷ್ಟು ಕಾಲ ಆಯ್ತು ಮೋಳೇ" ಎಂದು, ಮಲಯಾಳದವರು ಮಗಳನ್ನು ಕರೆಯುವಂತೆ ಕರೆದು, ಮಗ ಬಾಗಿಲಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದರು. "ಪಾಟು. ತಮಿಳು ಸಿನಿಮಾದ್ದು. ಏಳು ಪಾಟು ಅದೆ ಅದ್ರಲ್ಲಿ. ಒಂದಾದ ಮೇಲೆ ಒಂದು ಬತ್ತದೆ. ಮೂರನೇದು ಮಾತ್ರ ಎರಡೆರಡು ಸಲ ಬತ್ತದೆ."

ಅವರು ಹೇಳಿದ ಚಿತ್ರ ನನಗೂ ಗೊತ್ತಿತ್ತು. ಹೆಸರು ಬರೆಯುವುದಿಲ್ಲ. ಬರೆದರೆ ಬಲ್ಲವರು ಅವರ ಗುರುತು ಹಿಡಿಯುತ್ತಾರೆ. ಕಪ್ಪು ಬಿಳುಪಿನ ಹಳೆಯ ಚಿತ್ರ. ಕಡಲ ದಂಡೆಯ ಉಪ್ಪಿನ ಗದ್ದೆಯಲ್ಲಿ ದುಡಿಯುವ ಹೆಂಗಸೊಬ್ಬಳ ಕಥೆ. ತಮಿಳು ಬಾರದ ನಮ್ಮಪ್ಪ ಕೂಡ ಅಂಗಡಿಯಲ್ಲಿ ಬೆಲ್ಲ ತೂಗುತ್ತಾ ಅದರ ಹಾಡು ಗುನುಗುತ್ತಿದ್ದರು. ಮೂರನೆಯದು ಉಪ್ಪಿನ ಬುಟ್ಟಿ ಹೊತ್ತ ಹೆಂಗಸರ ಹಾಡು. ಮುಖ್ಯ ಗಾಯಕಿ ಒಂದು ಸಾಲು ಹಾಡಿದರೆ ಹಿಂದಿನವರು ಹೂಂಕರಿಸುತ್ತಾ ಬರುತ್ತಾರೆ. ಎರಡನೆಯ ಚರಣ ಮುಗಿದ ಮೇಲೆ ಮಾತಿಲ್ಲದ ಒಂದು ಒಂಟಿ ದನಿ ಆ ಹೂಂಕಾರದ ನಡುವಿನಿಂದ ಏಳುತ್ತದೆ, ಏರುತ್ತಲೇ ಹೋಗುತ್ತದೆ.

ಜೇಕಬ್ ಡಾಕ್ಟರ ಮುಂದೆ ಹೋಗಿ ನನ್ನ ತಪ್ಪನ್ನು ನಾನೇ ಹೇಳಿದೆ. ಈ ಸಲ ಅವರು ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು. ಆ ಇನ್ನೊಬ್ಬ ಡಾಕ್ಟರಿಗೆ ಫೋನ್ ಮಾಡಿ ಮಾತಾಡಿ, ಮಾತ್ರೆಯನ್ನು ಹಂತ ಹಂತವಾಗಿ ಇಳಿಸಿ ನಿಲ್ಲಿಸಿದರು. ನಾನು ಸ್ವರದ ಬದಲು ಬಿಟ್ಟು ಬಿಟ್ಟು ಬರುವ ಬಡಿತದಂಥ ಸದ್ದು ಕಳಿಸಿ, ಹಾಡಿನ ನಡುವೆಯೂ ಅವರು ಗುರುತಿಸುವಂತೆ ಮಾಡಿ, ಒಂದೂವರೆ ಗಂಟೆಯಲ್ಲಿ ಎರಡೂ ಕಿವಿಯ ಗ್ರಾಫ್ ತೆಗೆದೆ. ಮೇಲಿನ ಸ್ವರಗಳೆಲ್ಲ ಹೋಗಿದ್ದವು. ಹದಿನೈದು ದಿನದಲ್ಲಿ ಎರಡೂ ಕಿವಿಗೆ ಹೊಸ ಮಾದರಿಯ ಯಂತ್ರ ಕೂರಿಸಿದೆ. ಸುರೇಂದ್ರ ಹಿಂದಿನಿಂದ "ಅಮ್ಮಾ" ಅಂದ, ಅವರು ತಿರುಗಿ ನೋಡಿದರು. ಅವನ ಕಣ್ಣು ತುಂಬಿತು. ನಾನು ಅಂದು ಬಹಳ ದಿನದ ಮೇಲೆ ಊಟ ರುಚಿಸಿ ಉಂಡೆ.

ಹತ್ತೇ ದಿನ. ಕನಕಮ್ಮ ಒಬ್ಬರೇ ಬಸ್ಸು ಹತ್ತಿ ಬಂದು, ಎರಡೂ ಯಂತ್ರಗಳನ್ನು ಡಬ್ಬಿಯಲ್ಲಿಟ್ಟು ನನ್ನ ಮೇಜಿನ ಮೇಲೆ ಕುಕ್ಕಿದರು.

"ತಗೋ ಇದನ್ನ. ಮಿಕ್ಸಿ ಕೇಳ್ತದೆ, ಕೋಳಿ ಕೇಳ್ತದೆ, ಸೊಸೆ ಫೋನಲ್ಲಿ ನನ್ನ ಬಗ್ಗೆ ಹೇಳೋದೂ ಕೇಳ್ತದೆ. ನನ್ನ ಪಾಟು ಹೋಯ್ತು. ಅದನ್ನ ಕೊಡು."

ನಗು ಬಂತು. ಆಮೇಲೆ ಅವರ ಮುಖ ನೋಡಿದೆ. ಡಬ್ಬಿಯಿಂದ ಬಲಗಿವಿಯದನ್ನು ತೆಗೆದು ಅವರಿಗೆ ಹಾಕಿ, ಬಾಗಿಲು ಮುಚ್ಚಿ, ಹತ್ತಿರ ಕುರ್ಚಿ ಎಳೆದುಕೊಂಡು ಕೂತೆ.

"ಆ ಪಾಟಿನಲ್ಲಿ ಏನಿದೆ ಅಮ್ಮ, ಹೇಳಿ."

"ನಾನಿದ್ದೀನಿ" ಅಂದರು.

ಅವರು ಹುಟ್ಟಿದ್ದು ಕೊಳ್ಳೇಗಾಲದಲ್ಲಿ. ತಂದೆ ನಾಟಕದ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು. ಕಂಪನಿ ಮುಚ್ಚಿದ ಮೇಲೆ ಮದ್ರಾಸಿಗೆ ಹೋಗಿ ಸಿನಿಮಾದ ವಾದ್ಯಗೋಷ್ಠಿಯಲ್ಲಿ ಸೇರಿದರು. ಮಗಳನ್ನು ಕೋರಸ್ಸಿಗೆ ಸೇರಿಸಿದರು. ಆಗ ಕನಕಮ್ಮನಿಗೆ ಹದಿನೇಳು. ಆರು ಜನ ಹುಡುಗಿಯರಿಗೆ ಒಂದೇ ಮೈಕು. ಸದ್ದಾಗುತ್ತದೆಂದು ಫ್ಯಾನ್ ಆರಿಸಿರುತ್ತಿದ್ದರು, ಬೆವರು ಕಾಲ ಬೆರಳಿನವರೆಗೆ ಇಳಿಯುತ್ತಿತ್ತು. ಮೂರನೆಯ ಹಾಡಿನ ದಿನ ಮುಖ್ಯ ಗಾಯಕಿ ಹೇಗೋ ಸಾಲುಗಳನ್ನು ಹಾಡಿದರು, ಆದರೆ ಗಂಟಲು ಕಟ್ಟಿ ಆ ಏರುವ ಜಾಗ ಬರಲಿಲ್ಲ. ಸಂಗೀತ ನಿರ್ದೇಶಕರು ಸಾಲಾಗಿ ನಿಂತಿದ್ದ ಹುಡುಗಿಯರನ್ನು ನೋಡಿ, ಆ ಕೊಳ್ಳೇಗಾಲದ ಹುಡುಗಿ ಹಾಡಲಿ ಅಂದರು.

"ಒಂದೇ ಸಲಕ್ಕೆ ಆಯ್ತು ಮೋಳೇ. ಪಿಟೀಲಿನವರು ಕಮಾನಿನಿಂದ ಸ್ಟ್ಯಾಂಡು ತಟ್ಟಿದ್ರು. ಅವ್ರಲ್ಲಿ ಅದು ಚಪ್ಪಾಳೆ."

ಆ ವಾರವೇ ಮದುವೆ ನಿಶ್ಚಯವಾಯಿತು. ಪುಲ್ಪಳ್ಳಿಗೆ ಹೊಸದಾಗಿ ಬಂದು ಕಾಡು ಕಡಿದು ಮೆಣಸು ಹಾಕಿದ್ದ ಕನ್ನಡದವರ ಮನೆ. ಗಂಡಿನ ಕಡೆಯವರಿಗೆ ಸಿನಿಮಾ ಎಂದರೆ ಆಗದು. ಹುಡುಗಿ ಮದ್ರಾಸಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಹೊಲಿಗೆ ಕಲಿತಳು ಎಂದು ತಂದೆ ಹೇಳಿಬಿಟ್ಟರು. ಮದುವೆಯಾದ ಮೇಲೆ ಕೋರಸ್ಸಿನ ಗೆಳತಿಯಿಂದ ಒಂದೇ ಒಂದು ಕಾಗದ ಬಂತು. ಅದರ ಕೊನೆಯಲ್ಲಿ, ಆ ಗಾಯಕಿಗೆ ಗಂಟಲು ಸರಿಹೋಗಿ ಮತ್ತೆ ಬಂದಿದ್ದಾರೆ, ಹಾಡನ್ನು ಇನ್ನೊಮ್ಮೆ ತೆಗೆಯುತ್ತಾರಂತೆ, ಏನಾಗುತ್ತದೋ ಗೊತ್ತಿಲ್ಲ ಎಂದಿತ್ತು.

"ಆಮೇಲೆ ನೀವು ಆ ಹಾಡು ಕೇಳಲೇ ಇಲ್ವಾ? ಎಲ್ಲಾ ಕಡೆ ಬರುತ್ತಿತ್ತಲ್ಲಾ?"

"ಬತ್ತಿತ್ತು. ಅದು ಬಂದ ಕಡೆಯಿಂದ ನಾನು ಎದ್ದು ಹೋಗ್ತಿದ್ದೆ. ಒಂದು ಸಲ ಬಸ್ಸಲ್ಲಿ ಹಾಕಿದ್ರು, ಇಳಿಯೋ ಹಾಗಿರ್ಲಿಲ್ಲ. ಗಟ್ಟಿ ಮನಸ್ಸು ಮಾಡಿ ಕೂತೆ. ಆ ಜಾಗ ಬಂತು ಅನ್ನೋವಾಗ ಕಂಡಕ್ಟರ್ ಬೆಲ್ಲು ಹೊಡೆದ, ಜನ ಎಲ್ಲ ಎದ್ರು, ಗಲಾಟೆ." ಅವರು ಸೀರೆಯ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು. "ಅದರಲ್ಲಿ ನಾನಿಲ್ಲ ಅಂತ ಗೊತ್ತಾದ್ರೆ ಏನ್ಮಾಡೋದು? ಗೊತ್ತಾಗದೇ ಇದ್ರೆ ಇದ್ದೀನಿ ಅಂತ್ಲೇ ಇರಬಹುದಲ್ಲಾ. ಈಗ ನೋಡು, ಕಿವಿ ಹೋದ ಮೇಲೆ ತಾನಾಗೇ ಬಂತು. ಅದ್ರಲ್ಲಿ ನಾನೇ ಇದ್ದೀನಿ. ಆದ್ರೆ ಇದು ಸಿನಿಮಾದ್ದೋ, ಆವತ್ತು ನಾನು ಹಾಡಿದ್ದೋ, ಯಾರನ್ನ ಕೇಳಲಿ?"

ಗಂಡ ತೀರಿಹೋಗಿ ಹನ್ನೆರಡು ವರ್ಷವಾಗಿತ್ತು. ಅವರಿಗೂ ಹೇಳಿರಲಿಲ್ಲ. ಮಗನಿಗೂ ಇಲ್ಲ.

ನಾನು ಯಂತ್ರಗಳನ್ನು ವಾಪಸು ತೆಗೆದುಕೊಳ್ಳದೆ, ಸದ್ಯಕ್ಕೆ ಹಾಕಿಕೊಂಡಿರಿ ಎಂದು ಸಮಾಧಾನ ಹೇಳಿ ಕಳಿಸಿದೆ. ಸಮಾಧಾನ ನನಗೆ ಇರಲಿಲ್ಲ. ಮನೆಗೆ ಬಂದು ಫೋನಿನಲ್ಲಿ ಹಾಡು ಹುಡುಕಿದೆ. ಎರಡೇ ನಿಮಿಷದಲ್ಲಿ ಸಿಕ್ಕಿತು. ಐವತ್ತು ವರ್ಷಕ್ಕೂ ಮೇಲೆ ಒಬ್ಬ ಹೆಂಗಸು ತಪ್ಪಿಸಿಕೊಂಡು ಬಂದದ್ದು ನನ್ನ ಅಂಗೈಯಲ್ಲಿ ಬೆಳಗುತ್ತಿತ್ತು. ಆ ಜಾಗ ಬಂತು, ದನಿ ಎದ್ದಿತು. ಅದು ಹದಿನೇಳರ ಹುಡುಗಿಯ ದನಿಯೋ, ಹೆಸರಾದ ಗಾಯಕಿಯ ದನಿಯೋ ನನಗೆ ಹೇಗೆ ತಿಳಿಯಬೇಕು? ಅನ್ನ ಬಸಿಯುವಾಗ ಕೇಳಿದೆ, ಬಸ್ಸಿನಲ್ಲಿ ಕೇಳಿದೆ, ಊಟದ ಬಿಡುವಿನಲ್ಲಿ ಆಸ್ಪತ್ರೆಯ ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿದೆ. ಒಂದು ವಾರ ಯಾವ ಕೆಲಸಕ್ಕೂ ಮನಸ್ಸು ನಿಲ್ಲಲಿಲ್ಲ. ಇದನ್ನು ಗುರುತಿಸಬಲ್ಲ ಕಿವಿ ಲೋಕದಲ್ಲಿ ಒಂದೇ, ಅದು ಕೆಟ್ಟಿರುವ ಕಿವಿ. ಅವರ ಯಂತ್ರದಲ್ಲಿ ಹಾಡು ಸರಿಯಾಗಿ ಕೇಳುವುದಿಲ್ಲ. ಈ ಯಂತ್ರಗಳು ಮಾತಿಗೆಂದು ಮಾಡಿದವು, ಸಂಗೀತವನ್ನು ಗದ್ದಲವೆಂದು ತಿಳಿದು ಕತ್ತರಿಸುತ್ತವೆ. ಆದರೆ ಆಡಿಯೋಮೀಟರಿನಲ್ಲಿ ಹೊರಗಿನ ಧ್ವನಿಮುದ್ರಿಕೆಯನ್ನು ನೇರ ಹೆಡ್‌ಫೋನಿಗೆ ಕಳಿಸಲು ಒಂದು ತೂತಿದೆ. ಪದಗಳ ಪರೀಕ್ಷೆಗೆ ಬಳಸುವುದು. ಫೋನನ್ನು ಅದಕ್ಕೆ ಸಿಕ್ಕಿಸಿ, ಅವರ ಗ್ರಾಫನ್ನು ಪಕ್ಕದಲ್ಲಿಟ್ಟುಕೊಂಡು, ಅವರು ಕಳೆದುಕೊಂಡ ಮೇಲಿನ ಸ್ವರಗಳನ್ನು ಫೋನಿನಲ್ಲೇ ಎತ್ತಿ ಕೊಟ್ಟರೆ?

ಜೇಕಬ್ ಡಾಕ್ಟರ ಒಪ್ಪಿಗೆ ಬೇಕಿತ್ತು. ಅವರು ಎಲ್ಲ ಕೇಳಿ ಕನ್ನಡಕ ತೆಗೆದರು.

"ವಿಮಲಾ, ಇದು ರೋಗಿಗೆ ಬೇಕಾಗಿದೆಯೋ, ನಿನಗೆ ಬೇಕಾಗಿದೆಯೋ?"

"ರೋಗಿಗೆ ಸರ್" ಅಂದೆ.

ಅದು ಪೂರ್ತಿ ನಿಜವಲ್ಲ ಎಂದು ಅವರಿಗೂ ಗೊತ್ತಿತ್ತು.

ಕನಕಮ್ಮನಿಗೆ ಹೇಳಿಕಳಿಸಿದೆ. ಕೇಳಬೇಕೋ ಬೇಡವೋ ನೀವೇ ಯೋಚಿಸಿ ಬನ್ನಿ ಎಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದಿದ್ದೆ. ಮೂರು ವಾರ ಬರಲಿಲ್ಲ. ನಾಲ್ಕನೆಯ ವಾರ ಬಂದರು, ರೇಷ್ಮೆ ಸೀರೆ ಉಟ್ಟು. ಸುರೇಂದ್ರ ಜೊತೆಗಿದ್ದ. "ಏನು ಟೆಸ್ಟ್ ಚೇಚೀ ಇದು, ಸೀರೆ ಆರಿಸೋಕೇ ಒಂದು ಗಂಟೆ ಮಾಡಿದ್ಳು" ಅಂದ.

ಬೂತಿನಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದೆ. ಹೊರಗೆ ಬಂದು ಗುಂಡಿ ಒತ್ತಿದೆ. ಗಾಜಿನಾಚೆ ಅವರು ಕಣ್ಣು ಮುಚ್ಚಿದರು. ಪಲ್ಲವಿ ನಡೆಯುವಾಗ ತಲೆ ಮೆಲ್ಲಗೆ ಆಡಿತು. ಮೊದಲ ಚರಣಕ್ಕೆ ತುಟಿ ಅಲುಗಿತು, ತಮ್ಮ ಸಾಲಿನ ಹೂಂಕಾರವನ್ನು ಅವರೂ ಹಾಕುತ್ತಿದ್ದರು. ಎರಡನೆಯ ಚರಣ ಮುಗಿಯಿತು.

ಅವರ ತುಟಿ ನಿಂತಿತು.

ಹಾಡು ಮುಗಿದ ಮೇಲೆ ಒಂದು ಬೆರಳು ಎತ್ತಿ, ಇನ್ನೊಮ್ಮೆ ಎಂದು ತೋರಿಸಿದರು. ಹಾಕಿದೆ. ಮತ್ತೆ ಬೆರಳು. ಮೂರನೆಯ ಸಲವೂ ಹಾಕಿದೆ. ಆಮೇಲೆ ಅವರೇ ಹೆಡ್‌ಫೋನ್ ತೆಗೆದು, ಕೂದಲು ಸರಿಮಾಡಿಕೊಂಡು, ಬಾಗಿಲು ತಳ್ಳಿ ಹೊರಗೆ ಬಂದರು. ನಾನು ಯಂತ್ರಗಳನ್ನು ಕಿವಿಗೆ ಹಾಕಿಕೊಟ್ಟೆ.

"ಅಲ್ಲ" ಅಂದರು. "ಅವರೇ ಹಾಡವ್ರೆ. ಚೆನ್ನಾಗಿ ಹಾಡವ್ರೆ. ಕೋರಸ್ಸಲ್ಲೂ ನಾನಿಲ್ಲ. ಎಲ್ಲ ಮತ್ತೆ ತೆಗೆದವ್ರೆ."

ಬಾಗಿಲ ಬಳಿ ನಿಂತಿದ್ದ ಸುರೇಂದ್ರನಿಗೆ ಏನೂ ಅರ್ಥವಾಗಲಿಲ್ಲ. "ಯಾರು ಹಾಡಿದ್ದು? ಎಲ್ಲಿ?" ಅಂದ. ಕನಕಮ್ಮ ಅಲ್ಲೇ ರೋಗಿಗಳ ಸ್ಟೂಲಿನ ಮೇಲೆ ಕೂತು, ಮದ್ರಾಸು, ಕೋರಸ್ಸು, ಅಪ್ಪ ಹೇಳಿದ ಹೊಲಿಗೆಯ ಸುಳ್ಳು, ಎಲ್ಲವನ್ನೂ ನಾಲ್ಕು ಮಾತಿನಲ್ಲಿ ಮಗನಿಗೆ ಹೇಳಿ ಮುಗಿಸಿದರು.

"ನೀನು ಹಾಡಿದ್ದು ನಾನೊಂದು ದಿನಾನೂ ಕೇಳಿಲ್ವಲ್ಲಮ್ಮಾ. ತೊಟ್ಟಿಲಲ್ಲೂ ಇಲ್ಲ."

"ಮನೇಲಿ ನಿಮ್ಮಜ್ಜಿ ಇರೋರಲ್ಲಾ" ಅಂದರು ಅವರು. ಅಷ್ಟೇ.

ಅವರು ಹೋದ ಮೇಲೆ ನನಗೆ ಆ ದಿನದ ಬೇರೆ ರೋಗಿಗಳ ಮುಖ ಒಂದೂ ನೆನಪಿಲ್ಲ. ಬಸ್ಸಿನಲ್ಲಿ ನನ್ನ ನಿಲ್ದಾಣ ದಾಟಿ ಗಡಿಯಲ್ಲಿರುವ ತೋಲ್ಪೆಟ್ಟಿಯ ಚೆಕ್‌ಪೋಸ್ಟಿನವರೆಗೆ ಹೋಗಿಬಿಟ್ಟೆ. ಒಬ್ಬ ಹೆಂಗಸು ಬದುಕೆಲ್ಲ ಜೋಪಾನ ಮಾಡಿದ್ದನ್ನು ನಾನು ಒಂದು ತಂತಿ ಸಿಕ್ಕಿಸಿ ಒಡೆದುಹಾಕಿದೆ. ಮೊದಲ ಸಲ ಅವಸರದಿಂದ ಕೆಡಿಸಿದೆ, ಎರಡನೆಯ ಸಲ ಕುತೂಹಲದಿಂದ. ಜೇಕಬ್ ಡಾಕ್ಟರು ಒಂದು ದಿನ ನನ್ನ ಮೇಜಿನ ಮುಂದೆ ನಿಂತು, "ಅವರು ತಾವೇ ಬಂದು ಕೂತರು. ಅದನ್ನೂ ಲೆಕ್ಕಕ್ಕೆ ತಗೋ" ಎಂದು ಹೇಳಿ ಹೋದರು. ತೆಗೆದುಕೊಳ್ಳಲಾಗಲಿಲ್ಲ. ಪುಲ್ಪಳ್ಳಿಯ ಬಸ್ಸು ಬರುವ ಹೊತ್ತಿಗೆ ದಿನವೂ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಅವರು ಬಂದರೆ ಏನು ಹೇಳುವುದೆಂದು ಗೊತ್ತಿರಲಿಲ್ಲ, ಬಾರದಿದ್ದರೆ ಅದೂ ಭಯ.

ಎರಡು ತಿಂಗಳ ಮೇಲೆ ತಪಾಸಣೆಯ ದಿನಕ್ಕೆ ಸರಿಯಾಗಿ ಮಗನ ಜೊತೆ ಬಂದರು. ಪ್ಲಾಸ್ಟರ್ ಬಿಚ್ಚಿಸಿದ ಬಲಗೈಯಲ್ಲಿ ಒಂದು ಚೀಲ ಕಾಳುಮೆಣಸು ಹಿಡಿದಿದ್ದರು, ನನಗೆ ಕೊಡಲು. ಒಂದು ಯಂತ್ರವನ್ನು ಅವರ ಕಿವಿಯಲ್ಲೇ ಬಿಟ್ಟು, ಇನ್ನೊಂದನ್ನು ಶುಚಿ ಮಾಡುತ್ತಾ ಕೂತೆ. ಕೇಳಲೇಬೇಕಿತ್ತು, ಕೇಳಲು ಆಗುತ್ತಿರಲಿಲ್ಲ. ಅವರೇ ಶುರು ಮಾಡಿದರು.

"ನಂಗೊಂದು ಚೀಟಿ ಬೇಕು ಮೋಳೇ. ಸಂಜೆ ಹೊತ್ತು ನಾನು ಇದನ್ನ ತೆಗೆದಿಟ್ಟು ಹಿಂದಿನ ಜಗಲೀಲಿ ಕೂರ್ತೀನಿ. ಅಮ್ಮ ಯಂತ್ರ ಹಾಕ್ಕೋ, ಚೇಚಿ ಬೈತಾರೆ ಅಂತ ಇವ್ನು ಹಿಂದೆ ಬೀಳ್ತಾನೆ. ತೆಗೀಬೋದು ಅಂತ ಬರೆದುಕೊಡು."

"ಯಾಕೆ ತೆಗಿತೀರಿ?"

"ತೆಗೆದ್ರೆ ಬತ್ತದಲ್ಲಾ."

ನನ್ನ ಕೈಯಲ್ಲಿದ್ದ ಸಣ್ಣ ಕುಂಚ ಹಾಗೇ ನಿಂತಿತು. "ಹಾಡು ಇನ್ನೂ ಬರುತ್ತಾ? ಆ ಜಾಗ ಬಂದಾಗ..." ಅಂದೆ.

"ನಂದೇ ಬತ್ತದೆ. ಅವರದು ಫೋನಲ್ಲದೆ, ಅಲ್ಲೇ ಇರ್ಲಿ. ಮೊದಮೊದಲು ನಂಗೂ ಗಾಬರಿ ಆಗಿತ್ತು, ಎಲ್ಲಿ ಅವರದೇ ಬಂದ್ಬಿಡ್ತದೋ ಅಂತ. ಬರ್ಲಿಲ್ಲ. ನೋಡು, ಆವತ್ತು ನಾನು ಹಾಡಿದ್ದು ಈಗ ಗಟ್ಟಿಯಾಗಿ ಗೊತ್ತಾಯ್ತು. ಇಲ್ದಿದ್ರೆ ನಂಗೆ ಬೇರೆ ತರ ಬರೋದು ಹ್ಯಾಗೆ?"

ಮೊದಲು ಅವರು ಹೇಳಿದ್ದು ನನಗೆ ತಿಳಿಯಲಿಲ್ಲ. "ಬೇರೆ ಥರ ಅಂದ್ರೆ?"

ಕನಕಮ್ಮ ಕಿವಿಯಲ್ಲಿದ್ದ ಯಂತ್ರವನ್ನೂ ತೆಗೆದು ನನ್ನ ಮುಂದಿಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡರು. ಎಡಗೈ ಮೊಣಕಾಲಿನ ಮೇಲೆ ಬಂತು, ಒಂದು ಪೆಟ್ಟು, ಮೂರು ಬೆರಳು. ಬಾಗಿಲಿನ ಆಚೆ ಬೆಂಚಿನಲ್ಲಿ ಹತ್ತು ಜನ ತಮ್ಮ ಸರದಿಗೆ ಕಾಯುತ್ತಿದ್ದರು. ಯಂತ್ರಗಳು ನನ್ನ ಮೇಜಿನ ಮೇಲಿದ್ದವು, ಅವರ ಕಿವಿ ಬರಿದಾಗಿತ್ತು. ಅವರು ಹಾಡಿದರು. ದನಿ ಒಡೆದಿತ್ತು, ಉಸಿರು ಸಾಲದೆ ಎರಡು ಕಡೆ ಕಡಿಯಿತು. ಆದರೆ ನಾನು ಆ ಹಾಡನ್ನು ನೂರು ಸಲವಾದರೂ ಕೇಳಿದ್ದವಳು. ಫೋನಿನಲ್ಲಿರುವ ದನಿ ಮೇಲೇರಿ ಮೇಲೇ ನಿಲ್ಲುತ್ತದೆ. ಇವರದು ಏರಿತು, ನಿಲ್ಲಲಿಲ್ಲ, ತುದಿಯಲ್ಲಿ ಒಂದು ಸಣ್ಣ ತಿರುವು ತೆಗೆದುಕೊಂಡು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದು ಹೂಂಕಾರದ ಒಳಕ್ಕೇ ಸೇರಿಕೊಂಡಿತು. ಬುಟ್ಟಿ ಹೊತ್ತವಳು ತಲೆಯೆತ್ತಿ ನೋಡಿ, ಮತ್ತೆ ಸಾಲಿಗೆ ಬಂದ ಹಾಗೆ.

ಸುರೇಂದ್ರ ಬಾಗಿಲಲ್ಲಿ ನಿಂತಿದ್ದ. ಅವನ ಹಿಂದೆ ಜೇಕಬ್ ಡಾಕ್ಟರು, ಯಾವುದೋ ಕೇಸು ಕೇಳಲು ಬಂದವರು, ಕೈಯಲ್ಲಿ ಕಾಗದ ಹಿಡಿದು ನಿಂತುಬಿಟ್ಟಿದ್ದರು. ಅವರಿಬ್ಬರು ಅಲ್ಲಿದ್ದಾರೆಂಬುದು ಹಾಡುತ್ತಿದ್ದವರಿಗೆ ಗೊತ್ತೇ ಆಗಲಿಲ್ಲ.

ನಾನು ಕಾರ್ಡು ತೆಗೆದು, ದಿನಾ ಸಂಜೆ ಒಂದು ಗಂಟೆ ಹೊತ್ತು ಯಂತ್ರವಿಲ್ಲದೆ ಇರತಕ್ಕದ್ದು ಎಂದು ಬರೆದೆ. ಈ ಸಲ ನಿಧಾನವಾಗಿ ಬರೆದೆ. ಜೇಕಬ್ ಡಾಕ್ಟರು ಅದನ್ನು ಓದಿ, "ಇದು ಯಾವ ಪುಸ್ತಕದಲ್ಲಿದೆ?" ಎಂದು ಕೇಳಿದರು.

"ಯಾವ ಪುಸ್ತಕದಲ್ಲೂ ಇಲ್ಲ ಸರ್."

ಅವರು ನನ್ನ ಪೆನ್ನು ತೆಗೆದುಕೊಂಡು, 'ಒಂದು' ಎನ್ನುವುದನ್ನು ಹೊಡೆದುಹಾಕಿ 'ಎರಡು' ಎಂದು ತಿದ್ದಿ, ಕೆಳಗೆ ಸಹಿ ಹಾಕಿದರು.